ಕಾಡಿನಿಂದ ಕಾಡಿಗೆ ಓಡುವ ಟ್ಯಾಂಕು: ಯುದ್ಧದ ಆಟಕ್ಕೆ ಮನೆ ನಿಯಮ ಹಾಕುವುದು ಹೇಗೆ

ಚೌಕಾಬಾರ ಆಡಿದವರಿಗೆ ಮನೆ ನಿಯಮ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಪಕ್ಕದ ಮನೆಯಲ್ಲಿ ಆ ಕಟ್ಟುಪಾಡೇ ಇಲ್ಲ. ಒಂದು ಕಡೆ ಎರಡು ಕಾಯಿ ಜೊತೆಗೆ ಕೂತರೆ ಗಟ್ಟಿ, ಇನ್ನೊಂದು ಕಡೆ ಗಟ್ಟಿ ಅನ್ನೋ ಮಾತೇ ಕೇಳಿರುವುದಿಲ್ಲ. ಆದರೂ ಎಲ್ಲ ಕಡೆ ಅದು ಚೌಕಾಬಾರವೇ, ಅಲ್ವಾ?

ಯುದ್ಧದ ಬೋರ್ಡ್ ಆಟಗಳ ಕಥೆ ಸ್ವಲ್ಪ ಬೇರೆ. ಇವುಗಳ ಜೊತೆ ಹತ್ತಾರು ಪುಟದ ನಿಯಮ ಪುಸ್ತಕ ಬರುತ್ತದೆ. ಪ್ರತಿ ನಿಯಮಕ್ಕೂ ನಂಬರ್ ಇರುತ್ತದೆ. ಇಷ್ಟೆಲ್ಲ ಬರೆದಿಟ್ಟ ಮೇಲೆ ಯಾರೂ ಏನೂ ಬದಲಾಯಿಸಬೇಕಾಗಿಲ್ಲ ಅಂತ ಅನಿಸಬಹುದು. ಆದರೆ ನಾನು ನೋಡಿದ ಮಟ್ಟಿಗೆ ಮನೆ ನಿಯಮ ಜಾಸ್ತಿ ಹುಟ್ಟುವುದು ಇಂಥ ಆಟಗಳಲ್ಲೇ. ಯಾಕೆ ಅನ್ನುವುದನ್ನು ಒಂದೇ ಆಟ ಹಿಡಿದು ಹೇಳುತ್ತೇನೆ, ಯಾಕಂದರೆ ಆ ಒಂದು ಆಟದ ಒಂದು ತೂತನ್ನು ಸರಿಯಾಗಿ ನೋಡಿದರೆ ಉಳಿದ ಹೆಚ್ಚಿನ ಬದಲಾವಣೆಗಳೂ ತಾವಾಗಿಯೇ ಅರ್ಥವಾಗುತ್ತವೆ.

ಆಟದ ಹೆಸರು ಪಾಂಜರ್‌ಬ್ಲಿಟ್ಜ್. 1970ರಲ್ಲಿ ಅಮೆರಿಕದ ಅವಲಾನ್ ಹಿಲ್ ಕಂಪನಿ ಹೊರತಂದಿತು. ಮಾಡಿದವರು ಜಿಮ್ ಡನ್ನಿಗನ್. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಮತ್ತು ಸೋವಿಯತ್ ಸೈನ್ಯ ಕಾದಾಡಿದ ಪೂರ್ವದ ರಣರಂಗವೇ ವಿಷಯ. ಮೂರು ಹಾಸುಗಳಿವೆ, ಅವನ್ನು ಹೇಗೆ ಬೇಕಾದರೂ ತಿರುಗಿಸಿ ಒಂದಕ್ಕೊಂದು ಜೋಡಿಸಬಹುದು. ರಸ್ತೆ, ಬೆಟ್ಟ, ಊರು, ಕಾಡು ಎಲ್ಲ ಬರೆದಿದೆ. ಇಡೀ ಹಾಸಿನ ಮೇಲೆ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ರಟ್ಟಿನ ಚೌಕ ಬಿಲ್ಲೆಗಳೇ ಕಾಯಿಗಳು. ಒಂದೊಂದು ಬಿಲ್ಲೆಯೂ ಒಂದೊಂದು ತುಕಡಿ. ಬಿಲ್ಲೆಯ ಮೇಲೆ ಅದರ ಹೊಡೆತ ಎಷ್ಟು, ಎಷ್ಟು ದೂರ ಹೊಡೆಯುತ್ತದೆ, ಎಷ್ಟು ತಡೆದುಕೊಳ್ಳುತ್ತದೆ, ಎಷ್ಟು ನಡೆಯುತ್ತದೆ ಅಂತ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಒಂದು ಮನೆ ಅಂದರೆ ನೆಲದ ಮೇಲೆ 250 ಮೀಟರ್. ಒಂದು ಸರದಿ ಅಂದರೆ 6 ನಿಮಿಷ. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಈಗ ತೂತಿಗೆ ಬರೋಣ.

ಈ ಆಟದಲ್ಲಿ ನನ್ನ ಸರದಿ ಬಂದಾಗ ನಾನು ಮೊದಲು ಗುಂಡು ಹೊಡೆಯಬೇಕು, ಆಮೇಲೆ ಬಿಲ್ಲೆ ನಡೆಸಬೇಕು. ನಿಮಗೂ ಅದೇ ಕ್ರಮ. ಇನ್ನೊಂದು ನಿಯಮ ಏನೆಂದರೆ, ಕಾಡಿನೊಳಗೆ ಅಥವಾ ಊರಿನೊಳಗೆ ಇರುವ ಶತ್ರುವನ್ನು ಹೊಡೆಯಬೇಕಾದರೆ ನಿಮ್ಮ ಒಂದು ಬಿಲ್ಲೆ ಅದರ ಪಕ್ಕದ ಮನೆಯಲ್ಲೇ ಇರಬೇಕು. ಇಲ್ಲದಿದ್ದರೆ ಅದು ಕಾಣುವುದಿಲ್ಲ. ಎರಡೂ ನಿಯಮ ಬೇರೆ ಬೇರೆಯಾಗಿ ನೋಡಿದರೆ ನ್ಯಾಯವಾಗಿಯೇ ಇವೆ. ಎರಡನ್ನೂ ಸೇರಿಸಿ ನೋಡಿ.

ನನ್ನ ಟ್ಯಾಂಕುಗಳು ಒಂದು ಕಾಡಿನಲ್ಲಿವೆ. ಎದುರಿಗೆ ಒಂದೂವರೆ ಕಿಲೋಮೀಟರ್ ಬಯಲು, ಅದರಾಚೆ ಇನ್ನೊಂದು ಕಾಡು. ಬಯಲಿನ ಪಕ್ಕದ ಬೆಟ್ಟದ ಮೇಲೆ ನಿಮ್ಮ ಫಿರಂಗಿಗಳು ಸಾಲಾಗಿ ಕೂತಿವೆ. ನನ್ನ ಸರದಿಯಲ್ಲಿ ನಾನು ಟ್ಯಾಂಕುಗಳನ್ನು ಒಂದೊಂದಾಗಿ ಎತ್ತಿ ನಿಮ್ಮ ಕಣ್ಣೆದುರೇ ಬಯಲು ದಾಟಿಸಿ ಆಚೆ ಕಾಡಿನೊಳಗೆ ಇಡುತ್ತೇನೆ. ನೀವು ಏನೂ ಮಾಡುವಂತಿಲ್ಲ, ಯಾಕಂದರೆ ಅದು ನನ್ನ ಸರದಿ. ನಿಮ್ಮ ಸರದಿ ಬರುವ ಹೊತ್ತಿಗೆ ನಾನು ಕಾಡಿನೊಳಗೆ. ಪಕ್ಕದಲ್ಲಿ ನಿಮ್ಮವರು ಯಾರೂ ಇಲ್ಲ, ಹಾಗಾಗಿ ನಾನು ನಿಮಗೆ ಕಾಣುವುದೇ ಇಲ್ಲ. ಸರಿ, ಪಕ್ಕಕ್ಕೆ ಒಂದು ಬಿಲ್ಲೆ ಕಳಿಸಿ ನೋಡೋಣ ಅಂತೀರಿ. ಆದರೆ ಗುಂಡು ಹೊಡೆಯುವ ಹಂತ ಮೊದಲೇ ಮುಗಿದು ಹೋಗಿರುತ್ತದೆ. ನೋಡಲು ಬಂದ ನಿಮ್ಮ ಟ್ಯಾಂಕು ಬಯಲಿನಲ್ಲಿ ನಿಂತಿರುತ್ತದೆ, ನನ್ನ ಸರದಿ ಶುರುವಾಗುತ್ತದೆ, ನಾನು ಮೊದಲು ಮಾಡುವ ಕೆಲಸವೇ ಗುಂಡು ಹೊಡೆಯುವುದು. ಹುಡುಕಲು ಬಂದವನೇ ಸಾಯುತ್ತಾನೆ. ಕಾಲಾಳುಗಳು ಪಕ್ಕಕ್ಕೆ ನಡೆದು ಬಂದು ಅದೇ ಸರದಿಯಲ್ಲಿ ಕೈಕೈ ಮಿಲಾಯಿಸಬಹುದು ನಿಜ, ಆದರೆ ಅವರು ಅಷ್ಟು ಹತ್ತಿರ ಇದ್ದರೆ ತಾನೇ?

ಹೀಗೆ ಟ್ಯಾಂಕುಗಳು ಒಂದು ಪೊದೆಯಿಂದ ಇನ್ನೊಂದು ಪೊದೆಗೆ ಓಡುತ್ತಾ ಇಡೀ ಹಾಸನ್ನು ದಾಟುತ್ತವೆ. ಆಟಗಾರರು ಇದಕ್ಕೆ ಪಾಂಜರ್‌ಬುಶ್ ಅಂತ ಹೆಸರಿಟ್ಟರು.

ನಾನು ಇದನ್ನು ಮೊದಲ ಸಲ ಅನುಭವಿಸಿದ್ದು ಒಂದು ಮಳೆಗಾಲದ ಭಾನುವಾರ, ಗೆಳೆಯನ ಮನೆಯ ಊಟದ ಮೇಜಿನ ಮೇಲೆ. ಬಿಲ್ಲೆಗಳು ಸರಿಯದೆ ಇರಲಿ ಅಂತ ಹಾಸಿನ ನಾಲ್ಕು ಮೂಲೆಗೂ ಸ್ಟೀಲ್ ಲೋಟ ಇಟ್ಟಿದ್ದೆವು. ಅವನು ಹನ್ನೊಂದು ಟ್ಯಾಂಕುಗಳನ್ನು ನನ್ನ ಫಿರಂಗಿಗಳ ಬಾಯಿಯ ಮುಂದೆಯೇ ದಾಟಿಸಿದ. ಒಂದೊಂದು ಬಿಲ್ಲೆ ಇಡುವಾಗಲೂ ಟಕ್ ಅಂತ ಸದ್ದು. ಹನ್ನೊಂದು ಸಲ ಕೇಳಿದೆ. ಅವನೇನೂ ಮೋಸ ಮಾಡಿರಲಿಲ್ಲ, ಪುಸ್ತಕದಲ್ಲಿ ಇದ್ದ ಹಾಗೆಯೇ ಆಡಿದ್ದ. ಅದಕ್ಕೇ ಇನ್ನೂ ಜಾಸ್ತಿ ಬೇಜಾರಾಯಿತು.

ಈ ತೂತು ಎಲ್ಲಿಂದ ಬಂತು? ಕಾಡಿನ ನಿಯಮದಿಂದ ಅಲ್ಲ. ಜನ ಸಾಮಾನ್ಯವಾಗಿ ಅಲ್ಲೇ ತೇಪೆ ಹಾಕಲು ಹೋಗುತ್ತಾರೆ: ಕಾಡಿನಲ್ಲಿದ್ದರೂ ಎರಡು ಮನೆ ದೂರದಿಂದ ಕಾಣಲಿ, ಮೂರು ಮನೆ ದೂರದಿಂದ ಕಾಣಲಿ ಅಂತ. ಹಾಗೆ ಮಾಡಿದರೆ ಕಾಡಿನಲ್ಲಿ ಸುಮ್ನೆ ಅಡಗಿ ಕೂತವನಿಗೂ ಪೆಟ್ಟು ಬೀಳುತ್ತದೆ, ಅವನದೇನು ತಪ್ಪು? ನಿಜವಾದ ತೊಂದರೆ ಇರುವುದು ಕಾಲದಲ್ಲಿ. ರಣರಂಗದಲ್ಲಿ ಎರಡೂ ಕಡೆಯವರು ಒಂದೇ ಹೊತ್ತಿಗೆ ಓಡುತ್ತಾರೆ, ನೋಡುತ್ತಾರೆ, ಹೊಡೆಯುತ್ತಾರೆ. ಹಾಸಿನ ಮೇಲೆ ಮಾತ್ರ ಒಬ್ಬರು ಆರು ನಿಮಿಷ ಓಡುವಾಗ ಇನ್ನೊಬ್ಬರು ಕಲ್ಲಾಗಿ ನಿಂತಿರುತ್ತಾರೆ. ಸರದಿ ಅನ್ನುವುದು ಆಟಕ್ಕಾಗಿ ನಾವು ಒಪ್ಪಿಕೊಂಡ ಸುಳ್ಳು. ನನ್ನ ಅನುಭವದಲ್ಲಿ ಯುದ್ಧದ ಆಟಗಳ ಮನೆ ನಿಯಮಗಳಲ್ಲಿ ಬಾಳಿಕೆ ಬರುವಂಥವೆಲ್ಲ ಈ ಒಂದು ಸುಳ್ಳಿನ ಯಾವುದೋ ಅಂಚನ್ನು ಹೊಲಿಯುವಂಥವೇ. ಉಳಿದವು ಎರಡು ವಾರಕ್ಕೆ ಮರೆತು ಹೋಗುತ್ತವೆ.

ಈ ಜಗಳ ಹಳೆಯದು. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಜ್ ಸೈನ್ಯದವರಿಗಾಗಿ ಕ್ರೀಗ್‌ಸ್ಪೀಲ್ ಎಂಬ ಆಟದ ನಿಯಮ ಬರೆದರು. ಅದು 1:8000 ಅಳತೆಯ ನಕ್ಷೆಯ ಮೇಲೆ ಆಡುವ ಆಟ, ಒಂದು ಸರದಿಗೆ 2 ನಿಮಿಷ. ನಡುವೆ ಒಬ್ಬ ತೀರ್ಪುಗಾರ. ಎರಡೂ ಕಡೆಯವರು ತಮ್ಮ ಆಜ್ಞೆಯನ್ನು ಅವರಿಗೆ ಕೊಡುತ್ತಾರೆ, ಅವರು ಎರಡನ್ನೂ ಒಟ್ಟಿಗೆ ನಡೆಸುತ್ತಾರೆ. ಹಾಗಾಗಿ ಒಬ್ಬರು ಓಡುವಾಗ ಇನ್ನೊಬ್ಬರು ಕಲ್ಲಾಗುವ ತೊಂದರೆ ಅಲ್ಲಿ ಇಲ್ಲ. ಆದರೆ ಲೆಕ್ಕ, ಪಟ್ಟಿ, ದಾಳ ಎಲ್ಲ ಸೇರಿ ಆಟ ಆಮೆಯ ಹಾಗೆ ನಡೆಯುತ್ತಿತ್ತು. 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಸೇನಾಧಿಕಾರಿ ಪಟ್ಟಿಗಳನ್ನೆಲ್ಲ ಪಕ್ಕಕ್ಕಿಟ್ಟು, ಅನುಭವ ಇರುವ ತೀರ್ಪುಗಾರರೇ ತಮ್ಮ ತಿಳಿವಳಿಕೆಯಿಂದ ಫಲಿತಾಂಶ ಹೇಳಲಿ ಅಂದರು. ಬಿಗಿ ನಿಯಮ ಬೇಕೋ, ಬಲ್ಲವರ ತೀರ್ಪು ಬೇಕೋ ಅನ್ನುವ ವಾದ ಅಂದಿನಿಂದ ನಿಂತಿಲ್ಲ. ಮನೆಯಲ್ಲಿ ಇಬ್ಬರೇ ಆಡುವ ನಮಗೆ ತೀರ್ಪುಗಾರ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮ ಪಾಲಿಗೆ ನಿಯಮವೇ ತೀರ್ಪುಗಾರ.

ಒಂದು ದಾರಿ ಅಂದರೆ ಇಬ್ಬರೂ ತಮ್ಮ ನಡೆಯನ್ನು ಗುಟ್ಟಾಗಿ ಚೀಟಿಯಲ್ಲಿ ಬರೆದು ಒಟ್ಟಿಗೆ ತೆರೆಯುವುದು. 1973ರಲ್ಲಿ ಬಂದ ಸ್ನೈಪರ್ ಎಂಬ ಆಟ ಹೀಗೇ ನಡೆಯುತ್ತಿತ್ತು. ಹತ್ತು ಬಿಲ್ಲೆ ಇದ್ದರೆ ಇದು ಚೆನ್ನ. ನಲವತ್ತು ಬಿಲ್ಲೆ ಇದ್ದರೆ ಆಟಕ್ಕಿಂತ ಗುಮಾಸ್ತನ ಕೆಲಸವೇ ಜಾಸ್ತಿಯಾಗುತ್ತದೆ.

ಇನ್ನೊಂದು ದಾರಿಯೇ ಆಪರ್ಚುನಿಟಿ ಫೈರ್. ಅಂದರೆ ಎದುರಾಳಿ ತನ್ನ ಸರದಿಯಲ್ಲಿ ಓಡುತ್ತಿರುವಾಗಲೇ ನಾನು ತಡೆದು ಗುಂಡು ಹೊಡೆಯಬಹುದು. 1974ರಲ್ಲಿ ಪಾಂಜರ್‌ಬ್ಲಿಟ್ಜ್‌ನ ತಮ್ಮನಂತೆ ಬಂದ, ಪಶ್ಚಿಮದ ರಣರಂಗದ ಪಾಂಜರ್ ಲೀಡರ್ ಆಟದ ನಿಯಮಗಳಲ್ಲೇ ಇದು ಸೇರಿಕೊಂಡಿತು. ಅಷ್ಟು ಹೊತ್ತಿಗೆ ಆಟಗಾರರ ದೂರು ಅಷ್ಟು ಜೋರಾಗಿತ್ತು.

ನಾವಿಬ್ಬರೂ ನಮ್ಮ ಹಳೆಯ ಪೆಟ್ಟಿಗೆಗೆ ಇದನ್ನು ಹೊಂದಿಸಲು ಹೊರಟೆವು. ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಒಂದು ಒಳ್ಳೆಯ ಯೋಚನೆ ಆಡಲು ಬರುವ ನಿಯಮ ಆಗುವುದಕ್ಕೆ ಎಷ್ಟು ಸಲ ಮುರಿದು ಕಟ್ಟಬೇಕಾಗುತ್ತದೆ ಅನ್ನುವುದು ಇಲ್ಲೇ ಕಾಣುವುದು.

ಮೊದಲ ಸಲ ಹೀಗೆ ಬರೆದುಕೊಂಡೆವು: "ಕಣ್ಣಿಗೆ ಬಿದ್ದ ಶತ್ರುವನ್ನು ಅವನು ನಡೆಯುವಾಗ ಯಾವ ಮನೆಯಲ್ಲಿ ಬೇಕಾದರೂ ಹೊಡೆಯಬಹುದು." ಕೇಳಲು ಸರಳ. ಆಡಿದಾಗ ಪ್ರತಿ ಮನೆಗೂ "ನಿಲ್ಲು, ನೋಡ್ತೀನಿ" ಅಂತ ಶುರುವಾಯಿತು. ಒಂದು ಟ್ಯಾಂಕು ಎಂಟು ಮನೆ ನಡೆದರೆ ಎಂಟು ಸಲ ನಿಲ್ಲಿಸಿ, ದಾರ ಹಿಡಿದು, ನಡುವೆ ಬೆಟ್ಟ ಅಡ್ಡ ಬರುತ್ತದಾ ಅಂತ ನೋಡಬೇಕು. ಎರಡು ತಾಸಿನಲ್ಲಿ ಮೂರು ಸರದಿಯೂ ಮುಗಿಯಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಯಾರೂ ಕದಲಲೇ ಇಲ್ಲ. ಒಂದೇ ಒಂದು ಬಯಲು ಮನೆ ತುಳಿದರೂ ಪೆಟ್ಟು ಬೀಳುವುದಾದರೆ ಯಾರು ಹೊರಗೆ ಬರುತ್ತಾರೆ?

ಆಗ ಆ ಎರಡು ಅಂಕಿಗಳ ಹತ್ತಿರ ಹೋದೆವು. ಒಂದು ಸರದಿಗೆ 8 ಮನೆ ನಡೆಯುವ ಟ್ಯಾಂಕು 6 ನಿಮಿಷಕ್ಕೆ 2 ಕಿಲೋಮೀಟರ್ ಹೋಗುತ್ತದೆ, ಅಂದರೆ ಗಂಟೆಗೆ 20 ಕಿಲೋಮೀಟರ್. ಒಂದು ಮನೆ ದಾಟಲು 45 ಸೆಕೆಂಡ್. ಓಡುವ ಟ್ಯಾಂಕನ್ನು ಕಾಣಬೇಕು, ದೂರ ಅಂದಾಜು ಮಾಡಬೇಕು, ಫಿರಂಗಿ ತಿರುಗಿಸಬೇಕು, ಆಮೇಲೆ ಹೊಡೆತ. ಒಂದು ಗುಂಡಲ್ಲ, ಇಡೀ ತುಕಡಿ ಸೇರಿ ಪರಿಣಾಮ ಆಗುವಷ್ಟು ಗುಂಡು. 45 ಸೆಕೆಂಡಿಗೆ ಇದು ಕಷ್ಟ, ಒಂದೂವರೆ ನಿಮಿಷಕ್ಕೆ ಆಗಬಹುದು ಅನಿಸಿತು. ಹಾಗಾಗಿ ಎರಡನೇ ಸಲ ಬರೆದದ್ದು: "ಕಣ್ಣಿಗೆ ಬೀಳುವ ಹಾಗೆ ಎರಡು ಬಯಲು ಮನೆ ದಾಟಿದರೆ ಮಾತ್ರ ಹೊಡೆಯಬಹುದು."

ಇದು ಎಷ್ಟೋ ವಾಸಿ. ಆದರೆ ಇದರಲ್ಲೂ ಓರೆ ಇತ್ತು. ಒಂದು ಸರದಿಗೆ 12 ಮನೆ ಓಡುವ ವಾಹನಕ್ಕೆ ಒಂದು ಮನೆ 30 ಸೆಕೆಂಡ್. 6 ಮನೆ ಮಾತ್ರ ನಡೆಯುವ ಭಾರಿ ಟ್ಯಾಂಕಿಗೆ ಒಂದು ಮನೆಗೇ 1 ನಿಮಿಷ. ಇಬ್ಬರಿಗೂ ಎರಡು ಮನೆ ಅಂತ ಒಂದೇ ಅಳತೆ ಹಿಡಿದರೆ ವೇಗವಾಗಿ ಓಡುವವನಿಗೆ ಅನ್ಯಾಯ. ಕೊನೆಗೆ ಮನೆ ಎಣಿಸುವುದನ್ನೇ ಬಿಟ್ಟು, "ತನ್ನ ನಡಿಗೆಯ ಕಾಲುಭಾಗವನ್ನು ಶತ್ರುವಿನ ಕಣ್ಣೆದುರು ಕಳೆದರೆ" ಅಂತ ಬದಲಾಯಿಸಿದೆವು. 6 ನಿಮಿಷದ ಕಾಲುಭಾಗ ಅಂದರೆ ಎಲ್ಲರಿಗೂ ಅದೇ ಒಂದೂವರೆ ನಿಮಿಷ. ಏರು ಹತ್ತುವಾಗ ನಡಿಗೆ ಜಾಸ್ತಿ ಖರ್ಚಾಗುತ್ತದಲ್ಲ, ಅದೂ ತಾನಾಗಿಯೇ ಲೆಕ್ಕಕ್ಕೆ ಬಂತು. ಈ ಕಾಲುಭಾಗದ ಉಪಾಯ ನಮ್ಮ ಸ್ವಂತದ್ದೇನಲ್ಲ, ಹಳೆಯ ಆಟಗಾರರು ತುಳಿದ ದಾರಿಯೇ. ಆದರೆ ಅದು ಯಾಕೆ ಕಾಲುಭಾಗ ಅನ್ನುವುದು ನಮಗೆ ಗೊತ್ತಾಗಿದ್ದು ಎರಡು ಸಲ ಎಡವಿದ ಮೇಲೆಯೇ. ಕಾಲಾಳುಗಳಿಗೆ ಈ ನಿಯಮ ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ, ಅವರು ಸರದಿಗೆ ಒಂದೇ ಮನೆ ನಡೆಯುವವರು, ಬಯಲಿಗೆ ಬಂದರೆ ಅಲ್ಲೇ ನಿಂತಿರುತ್ತಾರೆ, ಎದುರಾಳಿಯ ಸರದಿಯಲ್ಲಿ ಸಿಕ್ಕೇ ಸಿಗುತ್ತಾರೆ.

ಇನ್ನು ಬೆಲೆ. ಎದುರಾಳಿಯ ಸರದಿಯಲ್ಲೂ ಹೊಡೆದು, ನನ್ನ ಸರದಿಯಲ್ಲೂ ಹೊಡೆದರೆ ಒಂದೇ ಫಿರಂಗಿ ಎರಡು ಫಿರಂಗಿ ಆಗುತ್ತದೆ. ಹಾಗಾಗಿ ತಡೆದು ಹೊಡೆದ ಬಿಲ್ಲೆ ತನ್ನ ಮುಂದಿನ ಸರದಿಯಲ್ಲಿ ಸುಮ್ಮನಿರಬೇಕು. ಗುರುತಿಗೆ ಅದರ ಮೇಲೆ ಒಂದು ಹುಣಸೆ ಬೀಜ ಇಡುತ್ತೇವೆ. ಸೀಳಿದ ಬೀಜ ಆಗಬೇಕು, ಇಡೀ ಬೀಜ ಉರುಳಿ ಹೋಗುತ್ತದೆ. ಈ ಒಂದು ಬೀಜ ಆಟದ ರುಚಿಯನ್ನೇ ಬದಲಾಯಿಸಿತು. ಮೊದಲು ಕಂಡ ಟ್ಯಾಂಕಿಗೆ ಹೊಡೆಯಲಾ, ಹಿಂದೆ ಬರುವ ದೊಡ್ಡದಕ್ಕೆ ಕಾಯಲಾ? ಅವನು ಬೇಕೆಂದೇ ಖಾಲಿ ಲಾರಿಯೊಂದನ್ನು ಮುಂದೆ ಓಡಿಸುತ್ತಾನೆ, ನೀವು ಆಸೆಬಿದ್ದು ಅದಕ್ಕೆ ಹೊಡೆದರೆ ಹಿಂದಿನವರೆಲ್ಲ ಆರಾಮಾಗಿ ದಾಟುತ್ತಾರೆ. ಹಲ್ಲು ಕಚ್ಚಿ ಕಾಯುವುದನ್ನು ಕಲಿಯಬೇಕು. ಹಿಂದೆ ಎದುರಾಳಿಯ ಸರದಿ ಅಂದರೆ ಕಾಫಿ ತರಲು ಏಳುವ ಹೊತ್ತಾಗಿತ್ತು. ಈಗ ಇಬ್ಬರೂ ಮೇಜು ಬಿಟ್ಟು ಕದಲುವುದಿಲ್ಲ.

ಇಷ್ಟಾದರೂ ಮುಗಿಯಲಿಲ್ಲ. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತದೆ. ಪೆಟ್ಟಿಗೆಯ ಜೊತೆ ಬರುವ 12 ಸನ್ನಿವೇಶಗಳಲ್ಲಿ ಯಾರಿಗೆ ಎಷ್ಟು ಬಿಲ್ಲೆ, ಎಷ್ಟು ಸರದಿ ಅಂತ ಕೊಟ್ಟಿರುವುದು ಹಳೆಯ ನಿಯಮಕ್ಕೆ, ಬಯಲು ದಾಟುವುದು ಸಲೀಸಾಗಿದ್ದ ಕಾಲಕ್ಕೆ. ನಾವು ಬಯಲನ್ನು ಅಪಾಯದ ಜಾಗ ಮಾಡಿದ ಕೂಡಲೇ ದಾಳಿ ಮಾಡುವವನು ಪ್ರತಿ ಸಲ ಸೋಲತೊಡಗಿದ. ದೊಡ್ಡ ನಿಯಮವೊಂದನ್ನು ಬದಲಿಸಿದವರು ಇಲ್ಲಿ ಎರಡರಲ್ಲಿ ಒಂದು ಮಾಡಲೇಬೇಕು: ದಾಳಿಗೆ ಜಾಸ್ತಿ ಸಮಯ ಕೊಡಬೇಕು, ಇಲ್ಲವೇ ಬಯಲು ದಾಟಲು ಏನಾದರೂ ಆಸರೆ ಕೊಡಬೇಕು. ನಾವು ಹೊಗೆ ಕೊಟ್ಟೆವು. ದಾಳಿ ಮಾಡುವವನಿಗೆ ಮೂರು ಹೊಗೆ ಬಿಲ್ಲೆ, ಒಂದೊಂದೂ ಒಂದು ಮನೆಯಲ್ಲಿ ಒಂದು ಸರದಿ ದೃಷ್ಟಿ ತಡೆಯುತ್ತದೆ.

ಬೇರೆ ಆಟಗಳು ಇದೇ ತೂತನ್ನು ಮುಚ್ಚಿದ ಬಗೆ ನೋಡಿದರೆ ಖುಷಿಯಾಗುತ್ತದೆ. 1977ರಲ್ಲಿ ಜಾನ್ ಹಿಲ್ ಮಾಡಿದ ಸ್ಕ್ವಾಡ್ ಲೀಡರ್ ಬಂತು, 1985ರಲ್ಲಿ ಅದನ್ನು ಪೂರ್ತಿ ಬಿಚ್ಚಿ ಕಟ್ಟಿದ ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್ ಬಂತು. ಅದನ್ನು ಎಲ್ಲರೂ ಎಎಸ್ಎಲ್ ಅಂತಲೇ ಕರೆಯುತ್ತಾರೆ. ಇಲ್ಲಿ ಒಂದು ಮನೆ 40 ಮೀಟರ್ ಮಾತ್ರ, ಸರದಿ 2 ನಿಮಿಷ. ಎದುರಾಳಿ ಹೆಜ್ಜೆ ಇಡುತ್ತಿದ್ದಂತೆಯೇ ಗುಂಡು ಹಾರಿಸಬಹುದು. ಹಾರಿಸಿದ ಮೇಲೆ ಆ ಮನೆಯಲ್ಲಿ ಹೊಡೆತದ ಅರ್ಧ ಶಕ್ತಿ ಉಳಿದುಕೊಳ್ಳುತ್ತದೆ, ಅದಕ್ಕೆ ಒಂದು ಬಿಲ್ಲೆ ಇಡುತ್ತಾರೆ. ಅದೇ ಮನೆಗೆ ಹಿಂದಿನಿಂದ ಇನ್ನೊಬ್ಬ ನುಗ್ಗಿದರೆ ಆ ಉಳಿದ ಗುಂಡು ಅವನಿಗೆ ತಗಲುತ್ತದೆ. ಮಷಿನ್ ಗನ್ ಒಂದು ಓಣಿಯನ್ನು ಮುಚ್ಚಿ ಹಾಕುವುದು ಅಂದರೆ ಇದೇ ಅಲ್ವಾ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಶತ್ರು ಪಕ್ಕದ ಮನೆಗೇ ಬಂದುಬಿಟ್ಟಾಗ, ಗುಂಡಿನ ಪಾಲು ಮುಗಿದಿದ್ದರೂ, ಕೊನೆಯ ಉಪಾಯವಾಗಿ ಹೊಡೆಯಬಹುದು. ಆದರೆ ಆಗ ಹಾಕಿದ ದಾಳವೇ ಹೊಡೆದವರ ಧೈರ್ಯದ ಪರೀಕ್ಷೆಯೂ ಆಗುತ್ತದೆ. ದಾಳ ಜಾಸ್ತಿ ಬಿದ್ದರೆ ಹೊಡೆದವರೇ ಚೆದುರುತ್ತಾರೆ. ನಿಯಮ ಬರೆಯುವುದರಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಕೆಲಸ ನಾನು ಕಂಡಿಲ್ಲ. ದಾಳ ಹಾಕುವುದು ಒಂದೇ ಸಲ, ಎರಡು ಪ್ರಶ್ನೆಗೆ ಉತ್ತರ.

ಕಾಲದ ಸುಳ್ಳನ್ನು ಬೇರೆ ತರಹ ಕಡಿಮೆ ಮಾಡುವ ಉಪಾಯವೂ ಇದೆ. ಎರಡೂ ಕಡೆಯ ತುಕಡಿಗಳ ಹೆಸರಿನ ಚೀಟಿಗಳನ್ನು ಲೋಟಕ್ಕೆ ಹಾಕಿ ಒಂದೊಂದಾಗಿ ಎತ್ತುವುದು. ಯಾರ ಚೀಟಿ ಬಂತೋ ಅವರ ತುಕಡಿ ನಡೆಯುತ್ತದೆ. ಒಬ್ಬರೇ ಕೂತು ಎರಡೂ ಕಡೆ ಆಡುವವರಿಗೆ ಇದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ, ಮುಂದೇನು ಅಂತ ನಿಮಗೇ ಗೊತ್ತಿರುವುದಿಲ್ಲ.

ಇನ್ನು ದಾಳದ ವಿಷಯ. ಮನೆ ನಿಯಮಗಳಲ್ಲಿ ಜಾಸ್ತಿ ತಪ್ಪಾಗುವುದು ಇಲ್ಲಿ. "ಮಳೆ ಬರ್ತಿದೆ ಅಂತ ಒಂದು ಸೇರಿಸೋಣ", "ಆಯಾಸ ಆಗಿದೆ ಅಂತ ಒಂದು ಕಳೆಯೋಣ" ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಆ ಒಂದರ ತೂಕ ಎಷ್ಟು ಅಂತ ನೋಡುವುದಿಲ್ಲ. ಪಾಂಜರ್‌ಬ್ಲಿಟ್ಜ್‌ನಲ್ಲಿ ಹಾಕುವುದು ಒಂದೇ ದಾಳ, ಹಾಗಾಗಿ ಒಂದು ಸೇರಿಸಿದರೆ ಯಾವಾಗಲೂ ಆರರಲ್ಲಿ ಒಂದು ಪಾಲು, ಸುಮಾರು 17 ಶೇಕಡಾ ಬದಲಾಗುತ್ತದೆ. ಎಎಸ್ಎಲ್‌ನಲ್ಲಿ ಎರಡು ದಾಳ ಹಾಕಿ ಕೂಡಿಸುತ್ತಾರೆ, 36 ಬಗೆಯಲ್ಲಿ ಬೀಳಬಹುದು. ಧೈರ್ಯ 7 ಇರುವ ತುಕಡಿ 7 ಅಥವಾ ಕಡಿಮೆ ಬಿದ್ದರೆ ಪಾಸು, ಅಂದರೆ 36ರಲ್ಲಿ 21 ಸಲ, 58 ಶೇಕಡಾ. ಒಂದು ಸಹಾಯ ಸಿಕ್ಕಿ 8 ಆದರೆ 26 ಸಲ, 72 ಶೇಕಡಾ. ಒಂದೇ ಅಂಕಕ್ಕೆ 14 ಶೇಕಡಾ ಏರಿತು. ಅದೇ ಒಂದನ್ನು 10 ಇರುವವನಿಗೆ ಕೊಟ್ಟರೆ 33ರಿಂದ 35ಕ್ಕೆ, ಹತ್ತಿರ ಹತ್ತಿರ 6 ಶೇಕಡಾ ಅಷ್ಟೇ. ನಡುವೆ ಇರುವವನಿಗೆ ಒಂದು ಅನ್ನುವುದು ದೊಡ್ಡ ವರ, ತುದಿಯಲ್ಲಿ ಇರುವವನಿಗೆ ಚಿಲ್ಲರೆ. ಹೊಸದಾಗಿ ಒಂದು ಸೇರಿಸುವ ಮೊದಲು ಕಾಗದದ ಮೇಲೆ ಈ ಲೆಕ್ಕ ಹಾಕಿ, ಐದು ನಿಮಿಷದ ಕೆಲಸ.

ದಾಳ ಹಾಕಿ ಹೊಡೆತದ ಫಲಿತಾಂಶ ನೋಡುವ ಪಟ್ಟಿಯ ಮೆಟ್ಟಿಲುಗಳದ್ದೂ ಒಂದು ತಕರಾರು. ಪಾಂಜರ್‌ಬ್ಲಿಟ್ಜ್ ಥರದ ಆಟಗಳಲ್ಲಿ ಹೊಡೆತವನ್ನು ತಡೆಯುವ ಶಕ್ತಿಯಿಂದ ಭಾಗಿಸಿ, ಬಂದ ಅನುಪಾತವನ್ನು ತಡೆಯುವವನ ಪರವಾಗಿ ಕೆಳಕ್ಕೆ ಇಳಿಸುತ್ತಾರೆ. 11ಕ್ಕೆ 4 ಇದ್ದರೆ 2ಕ್ಕೆ 1 ಅಂತಲೇ ಲೆಕ್ಕ. 8ಕ್ಕೆ 4 ಇದ್ದರೂ ಅದೇ. ಉಳಿದ 3 ಮಣ್ಣುಪಾಲು. ಒಂದೇ ಒಂದು ಅಂಕ ಸಿಕ್ಕಿ 12 ಆಗಿದ್ದರೆ 3ಕ್ಕೆ 1. ಇದರಿಂದ ಏನಾಗುತ್ತದೆ ಅಂದರೆ ಆಟಗಾರರು ಸೇನಾಪತಿಗಳಾಗಿ ಯೋಚಿಸುವುದು ಬಿಟ್ಟು ಕಿರಾಣಿ ಅಂಗಡಿಯ ತಕ್ಕಡಿ ಹಿಡಿದವರ ಹಾಗೆ ಆ ಒಂದು ಅಂಕ ಹುಡುಕುತ್ತಾ ಕೂರುತ್ತಾರೆ. ಮನೆ ಮದ್ದು ಸುಲಭ: 4ರಲ್ಲಿ 3 ಉಳಿದಿದೆ ತಾನೇ, ನಾಲ್ಕು ಮುಖದ ದಾಳ ಹಾಕಿ, 1ರಿಂದ 3 ಬಿದ್ದರೆ ಮೇಲಿನ ಮೆಟ್ಟಿಲು, 4 ಬಿದ್ದರೆ ಕೆಳಗಿನದು. ನಾನು ಇದನ್ನು ದೊಡ್ಡ ಹೊಡೆದಾಟಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ, ಪ್ರತಿ ಸಲ ಎರಡು ದಾಳ ಹಾಕಿದರೆ ಆಟ ಎಳೆಯುತ್ತದೆ.

ಎಎಸ್ಎಲ್ ಆಟಗಾರರಲ್ಲಿ ಇದೇ ಮೆಟ್ಟಿಲಿನ ಬಗ್ಗೆ ದಶಕಗಳ ವಾದವಿದೆ. ಅಲ್ಲಿ ಗುಂಡಿನ ಪಟ್ಟಿಯ ಕಂಬಗಳು 1, 2, 4, 6, 8, 12, 16 ಹೀಗೆ ಏರುತ್ತವೆ. 4 ಶಕ್ತಿಯ ಜರ್ಮನ್ ತುಕಡಿಯ ಜೊತೆ 3 ಶಕ್ತಿಯ ಲೈಟ್ ಮಷಿನ್ ಗನ್ ಸೇರಿದರೆ 7. ಪಟ್ಟಿಯಲ್ಲಿ 7 ಇಲ್ಲ, 6ರಲ್ಲೇ ಹೊಡೆಯಬೇಕು, 1 ಹಾಳು. ಹಾಗಾಗಿ ನಡುವೆ 3, 5, 7, 9 ಎಲ್ಲ ಇರುವ ಇನ್ನೊಂದು ಪಟ್ಟಿ ಮಾಡಿದರು, ಅದು ಅಧಿಕೃತವಾಗಿಯೇ ಐಚ್ಛಿಕ ನಿಯಮ ಆಯಿತು. ಬೇಕು ಅನ್ನುವವರು ಪ್ರತಿ ಗುಂಡಿಗೂ ಬೆಲೆ ಇರಲಿ ಅನ್ನುತ್ತಾರೆ. ಬೇಡ ಅನ್ನುವವರದ್ದೂ ತೂಕದ ಮಾತೇ: ಯಾರನ್ನು ಯಾರ ಜೊತೆ ಸೇರಿಸಿದರೆ ಸರಿಯಾಗಿ 8 ಆಗುತ್ತದೆ ಅಂತ ಯೋಚಿಸುವುದೇ ಆಟದ ಕಸುಬು, ಅದನ್ನು ಕಿತ್ತುಕೊಂಡರೆ ಉಳಿಯುವುದು ಸುಮ್ನೆ ಕೂಡಿಸುವ ಲೆಕ್ಕ. ನಾನು ಹಳೆಯ ಪಟ್ಟಿಯ ಕಡೆಯವನು. ಆ ಆಟದಲ್ಲಿ ಆಗಲೇ ನಿಯಮ ಜಾಸ್ತಿ ಇದೆ, ಇರುವ ಒರಟುತನ ಒಳ್ಳೆಯದಕ್ಕೇ ಇದೆ.

ಕಾಣುವ-ಕಾಣದ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಹಾಸಿನ ಮೇಲೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ರಣರಂಗದಲ್ಲಿ ಏನೂ ಕಾಣುವುದಿಲ್ಲ. ಎಎಸ್ಎಲ್‌ನಲ್ಲಿ ಪ್ರಶ್ನೆ ಚಿಹ್ನೆಯ ಬಿಲ್ಲೆಗಳಿವೆ, ಕೆಲವುಗಳ ಕೆಳಗೆ ಸೈನಿಕರು, ಕೆಲವುಗಳ ಕೆಳಗೆ ಬರೀ ಗಾಳಿ. ಯಾವ ಆಟಕ್ಕೂ ಇದನ್ನು ತರಬಹುದು. ಪ್ರತಿ ಮೂರು ಬಿಲ್ಲೆಗೆ ಒಂದು ಖಾಲಿ ಬಿಲ್ಲೆ ಸೇರಿಸಿ, ಎಲ್ಲದರ ಮೇಲೂ ಒಂದೇ ಬಣ್ಣದ ರಟ್ಟಿನ ಮುಚ್ಚಳ ಇಡಿ, ಗುಂಡು ಹೊಡೆದಾಗ ಅಥವಾ ಶತ್ರು ಪಕ್ಕಕ್ಕೆ ಬಂದಾಗ ತೆಗೆಯಿರಿ. ಅಷ್ಟೇ. ದುಡ್ಡಿಲ್ಲದೆ ಆಗುವ ಬದಲಾವಣೆಗಳಲ್ಲಿ ಇದು ಅತಿ ಹೆಚ್ಚು ಫಲ ಕೊಡುವಂಥದ್ದು.

ಸಮತೂಕಕ್ಕೆ ಬಂದರೆ, ನಮ್ಮ ಹುಲಿಕುರಿ ಆಟ ನೆನಪಿಸಿಕೊಳ್ಳಿ. ಹುಲಿ ಕೆಲವೇ, ಕುರಿ ಹಲವು, ಎರಡೂ ಕಡೆಯ ನಡೆಯೇ ಬೇರೆ. ಯಾರೂ ಅದನ್ನು ಅನ್ಯಾಯ ಅನ್ನುವುದಿಲ್ಲ, ಒಂದು ಸಲ ನೀನು ಹುಲಿ, ಇನ್ನೊಂದು ಸಲ ನಾನು ಹುಲಿ. ಯುದ್ಧದ ಆಟದಲ್ಲೂ ಮೊದಲ ಮದ್ದು ಅದೇ, ಕಡೆ ಬದಲಾಯಿಸಿ ಎರಡು ಸಲ ಆಡುವುದು. ಅಷ್ಟು ಹೊತ್ತಿಲ್ಲದಿದ್ದರೆ ಹರಾಜು ಮಾಡಿ: ಇಬ್ಬರೂ ಇಷ್ಟದ ಕಡೆಯನ್ನೂ, ಅದಕ್ಕಾಗಿ ಎಷ್ಟು ಬಿಲ್ಲೆ ಬಿಟ್ಟುಕೊಡುತ್ತೀರಿ ಅನ್ನುವುದನ್ನೂ ಚೀಟಿಯಲ್ಲಿ ಬರೆಯಿರಿ. ಇಬ್ಬರೂ ಒಂದೇ ಕಡೆ ಕೇಳಿದರೆ ಜಾಸ್ತಿ ಬಿಟ್ಟುಕೊಟ್ಟವನಿಗೆ ಆ ಕಡೆ. ಎಎಸ್ಎಲ್ ಸನ್ನಿವೇಶದ ಕಾರ್ಡುಗಳಲ್ಲಿ ಎರಡೂ ಕಡೆಗೆ ಒಂದೊಂದು ಚಿಕ್ಕ ರಿಯಾಯಿತಿ ಮೊದಲೇ ಅಚ್ಚಾಗಿರುತ್ತದೆ, ದುರ್ಬಲ ಆಟಗಾರನಿಗೆ ಅದನ್ನು ಕೊಡಬಹುದು.

ಬರೆದಿಡುವ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಯಮವನ್ನು ಆಟ ಶುರುವಾಗುವ ಮುಂಚೆ ಬರೆಯಿರಿ, ನಡುವೆ ಬೇಡ. ನಡುವೆ ಹುಟ್ಟುವ ನಿಯಮ ಸೋಲುತ್ತಿರುವವನ ನಿಯಮ ಆಗಿರುತ್ತದೆ, ಅವನು ಎಷ್ಟೇ ಪ್ರಾಮಾಣಿಕನಾದರೂ. ಯಾವಾಗ ಹೊಡೆಯಬಹುದು, ಯಾರು ಹೊಡೆಯಬಹುದು, ಹೊಡೆದದ್ದಕ್ಕೆ ಏನು ಬೆಲೆ, ಈ ಮೂರೂ ಆ ಚೀಟಿಯಲ್ಲಿ ಇರಬೇಕು. ಬೆಲೆ ಬರೆಯಲು ಮರೆತ ನಿಯಮವೇ ಮುಂದೆ ಜಗಳ ತರುವುದು. ಗೆಳೆಯ ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದ ಮೇಲೆ ನಾವು ವ್ಯಾಸಲ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಆಡುತ್ತೇವೆ. ಎಎಸ್ಎಲ್‌ಗಾಗಿ ಶುರುವಾದ ಅದರಲ್ಲಿ ಈಗ ಎಷ್ಟೋ ಹಳೆಯ ಆಟಗಳು ಸಿಗುತ್ತವೆ. ಅಲ್ಲಿ ಕೈ ಹಿಡಿದು "ನಿಲ್ಲು" ಅನ್ನಲು ಬರುವುದಿಲ್ಲ. ನಮ್ಮ ತಡೆದು ಹೊಡೆಯುವ ನಿಯಮವನ್ನು ಮತ್ತೆ ಬದಲಾಯಿಸಬೇಕಾಯಿತು: ಓಡುವವನು ತನ್ನ ಒಂದು ಟ್ಯಾಂಕಿನ ಪೂರ್ತಿ ಹಾದಿ ಹೇಳಿ ಮುಗಿಸುತ್ತಾನೆ, ಆಮೇಲೆ ಇನ್ನೊಬ್ಬ ಆ ಹಾದಿಯ ಯಾವ ಮನೆಯಲ್ಲಿ ಹೊಡೆಯುತ್ತೇನೆ ಅಂತ ಹೇಳುತ್ತಾನೆ. ಆಶ್ಚರ್ಯ ಅಂದರೆ ಮೇಜಿನ ಮೇಲೂ ಇದೇ ಕ್ರಮ ಬೇಗ ನಡೆಯುತ್ತದೆ.

ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿರುವ ಚೀಟಿ ಈಗ ಹೀಗಿದೆ: "ತನ್ನ ನಡಿಗೆಯ ಕಾಲುಭಾಗ ಕಣ್ಣೆದುರು ಕಳೆದ ಬಿಲ್ಲೆಯನ್ನು, ಅದರ ಹಾದಿ ಹೇಳಿ ಮುಗಿದ ಮೇಲೆ, ಹುಣಸೆ ಬೀಜ ಇಲ್ಲದ ಯಾವ ಬಿಲ್ಲೆಯಾದರೂ ಒಂದು ಸಲ ಹೊಡೆಯಬಹುದು. ಹೊಡೆದದ್ದಕ್ಕೆ ಬೀಜ. ಬೀಜ ಇದ್ದವರು ತಮ್ಮ ಸರದಿಯಲ್ಲಿ ಹೊಡೆಯುವಂತಿಲ್ಲ, ಸರದಿ ಮುಗಿದಾಗ ಬೀಜ ತೆಗೆಯುವುದು. ಲಾರಿಗಳು ಕಾಡಿನೊಳಗೆ ಇರುವವರನ್ನು ನೋಡಿ ಹೇಳುವಂತಿಲ್ಲ. ದಾಳಿ ಮಾಡುವವರಿಗೆ 3 ಹೊಗೆ." ಕೊನೆಯ ಸಾಲಿನ 3ನ್ನು ಹೋದ ತಿಂಗಳು ಪೆನ್ಸಿಲಿನಲ್ಲಿ ಹೊಡೆದು 2 ಮಾಡಿದ್ದೇವೆ. ಮೂರು ಇದ್ದಾಗ ಹೊಗೆಯನ್ನು ಸಾಲಾಗಿ ಇಟ್ಟು ಮತ್ತೆ ಹಳೆಯ ಹಾಗೆ ಆರಾಮಾಗಿ ಬಯಲು ದಾಟುವುದು ಶುರುವಾಗಿತ್ತು. ಎರಡು ಸಾಕೋ ಇಲ್ಲವೋ ಅಂತ ಗೊತ್ತಾಗಲು ಅದೇ ಸನ್ನಿವೇಶವನ್ನು ಕಡೆ ಬದಲಾಯಿಸಿ ಇನ್ನೊಂದು ಸಲ ಆಡಬೇಕು. ಈ ಸಲ ಫಿರಂಗಿಗಳು ಅವನವು, ಬಯಲು ದಾಟಬೇಕಾದವನು ನಾನು.